80ನೇ ಲೆವೆಲ್ ಆಯ್ತು, ಮುಂದೇನು? ಗಿಲ್ಡ್ ವಾರ್ಸ್ 2ರಲ್ಲಿ ಎಂಡ್‌ಗೇಮ್ ಹುಡುಕುವ ಬಗೆ

ಆನ್‌ಲೈನ್‌ನಲ್ಲಿ ಬಹಳ ಜನ ಒಟ್ಟಿಗೆ ಆಡುವ ಗೇಮ್ ಗಿಲ್ಡ್ ವಾರ್ಸ್ 2. 80ನೇ ಲೆವೆಲ್ ಮುಟ್ಟಿದ ಕೂಡಲೇ ಅದು ಸುಮ್ಮನಾಗಿಬಿಡುತ್ತದೆ. ಅಲ್ಲಿಯವರೆಗೆ ಪ್ರತಿ ಲೆವೆಲ್‌ಗೂ ಒಂದು ಉಡುಗೊರೆ, ಒಂದು ಸೂಚನೆ, ಪರದೆಯ ಮೂಲೆಯಲ್ಲಿ 'ಇಲ್ಲಿಗೆ ಹೋಗು' ಎನ್ನುವ ಬಾಣ. ಆಮೇಲೆ ಏನೂ ಇಲ್ಲ. ಕೊನೆಯ ಲೆವೆಲ್ ನಂತರದ ಆಟಕ್ಕೆ 'ಎಂಡ್‌ಗೇಮ್' ಅನ್ನುತ್ತಾರೆ, ಆದರೆ ಹಾಗಂತ ಬರೆದ ಬಾಗಿಲು ಎಲ್ಲೂ ಕಾಣುವುದಿಲ್ಲ. ಮ್ಯಾಪ್ ಚಾಟ್‌ನಲ್ಲಿ ಹೊಸಬರು ಪದೇ ಪದೇ ಕೇಳುವ ಪ್ರಶ್ನೆ ಇದೇ: 80 ಆಯ್ತು, ಈಗ ಏನು ಮಾಡಲಿ? ಹಳಬರು ಕೊಡುವ ಉತ್ತರವೂ ಒಂದೇ: ನಿಮಗೆ ಇಷ್ಟ ಬಂದದ್ದು ಮಾಡಿ. ಮಾತು ನಿಜ. ಆದರೆ ಏನೇನಿದೆ ಅಂತಲೇ ಗೊತ್ತಿಲ್ಲದವರಿಗೆ ಅದರಿಂದ ಏನು ಉಪಯೋಗ, ಅಲ್ವಾ?

ಗೇಮ್ ಹೀಗಿರುವುದಕ್ಕೆ ಕಾರಣ ಇದೆ. ಅರೀನಾನೆಟ್ ಕಂಪನಿ ಇದನ್ನು ಬಿಡುಗಡೆ ಮಾಡಿದ್ದು 2012ರ ಆಗಸ್ಟ್ 28ರಂದು. ಆಗಲೂ ಗರಿಷ್ಠ ಲೆವೆಲ್ 80, ಈಗಲೂ 80. ಹಾರ್ಟ್ ಆಫ್ ಥಾರ್ನ್ಸ್, ಪಾತ್ ಆಫ್ ಫೈರ್, ಎಂಡ್ ಆಫ್ ಡ್ರಾಗನ್ಸ್ ಅಂತ ಒಂದಾದ ಮೇಲೊಂದು ಎಕ್ಸ್‌ಪಾನ್ಷನ್ (ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗ) ಬಂದವು, ಯಾವುದೂ ಈ ಮಿತಿಯನ್ನು ಏರಿಸಲಿಲ್ಲ. ಬೇರೆ ಎಷ್ಟೋ ಗೇಮ್‌ಗಳಲ್ಲಿ ಹೊಸ ಎಕ್ಸ್‌ಪಾನ್ಷನ್ ಬಂದರೆ ಹಳೆಯ ಕಂಟೆಂಟ್ ಸತ್ತಂತೆಯೇ. ಇಲ್ಲಿ ಹಾಗಿಲ್ಲ. 2012ರ ಬಾಸ್ (ಗುಂಪಾಗಿ ಕೊಲ್ಲಬೇಕಾದ ದೊಡ್ಡ ಶತ್ರು) ಮುಂದೆಯೂ ಇವತ್ತು ಜನ ಸೇರುತ್ತಾರೆ. ಹಾಗಾಗಿ ಹೊಸಬರ ತೊಂದರೆ ಕಂಟೆಂಟ್ ಕಡಿಮೆ ಅಂತಲ್ಲ, ಜಾಸ್ತಿ ಅಂತ. ಎಂಡ್‌ಗೇಮ್ ಅನ್ನು ಮ್ಯಾಪ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಗಡಿಯಾರ ನೋಡಬೇಕು, ಜನರನ್ನು ನೋಡಬೇಕು. ಕೆಳಗೆ ಬರೆದಿರುವುದೆಲ್ಲ ಆ ಎರಡರ ವಿವರವೇ.

ಶುರು ಮಾಡುವ ಮೊದಲು

ಖಾತೆ ತೆರೆಯುವಾಗಲೇ ಗೇಮ್ ನಿಮ್ಮ ಪ್ರದೇಶ ಕೇಳುತ್ತದೆ: ಉತ್ತರ ಅಮೆರಿಕವೋ ಯುರೋಪೋ. ಭಾರತದಿಂದ ಆಡುವವರು ಯುರೋಪ್ ಆರಿಸಿಕೊಳ್ಳುವುದು ವಾಸಿ. ದೂರ ಕಡಿಮೆ ಅನ್ನುವುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮಲ್ಲಿ ರಾತ್ರಿ ಊಟದ ಹೊತ್ತಾದಾಗ ಯುರೋಪಿನಲ್ಲಿ ಸಂಜೆ, ಕೆಲಸ ಮುಗಿಸಿದ ಜನ ಲಾಗಿನ್ ಆಗುವ ಸಮಯ. ಅಮೆರಿಕದಲ್ಲಿ ಅದೇ ಹೊತ್ತಿಗೆ ಎಲ್ಲರೂ ಕೆಲಸದಲ್ಲಿರುತ್ತಾರೆ. ಅಮೆರಿಕದಲ್ಲೇ ಇರುವ ಕನ್ನಡಿಗರಿಗೆ ಈ ಲೆಕ್ಕ ಬೇಕಿಲ್ಲ, ಬಿಡಿ.

ಮೂಲ ಗೇಮ್ ಉಚಿತ, ತಿಂಗಳ ಚಂದಾ ಇಲ್ಲ. ಉಚಿತ ಖಾತೆಗೆ ಚಾಟ್‌ನಲ್ಲಿ, ಮಾರುಕಟ್ಟೆಯಲ್ಲಿ ಒಂದಷ್ಟು ಕಟ್ಟುಪಾಡು ಇವೆ. ರೇಡ್, ಅಂದರೆ ಹತ್ತು ಜನರ ತಂಡ ಆಡುವ ಕಷ್ಟದ ಹೋರಾಟ, ಬೇಕೆಂದರೆ ಎಕ್ಸ್‌ಪಾನ್ಷನ್ ಕೊಳ್ಳಲೇಬೇಕು. ಆದರೆ ದೊಡ್ಡ ಬಾಸ್‌ಗಳ ರುಚಿ ನೋಡುವುದಕ್ಕೆ ಒಂದು ರೂಪಾಯಿಯೂ ಬೇಡ. ಮೊದಲು ಅದನ್ನು ನೋಡಿ, ಆಮೇಲೆ ದುಡ್ಡಿನ ಯೋಚನೆ ಮಾಡಿ.

ಎಕ್ಸ್‌ಪಾನ್ಷನ್ ಕೊಂಡವರಿಗೆ ನೇರವಾಗಿ 80ಕ್ಕೆ ಏರಿಸುವ ಬೂಸ್ಟ್ ಸಿಗುತ್ತದೆ. ಮೊದಲ ಪಾತ್ರಕ್ಕೆ ಅದನ್ನು ಬಳಸಬೇಡಿ. ಯಾವ ಸ್ಕಿಲ್ ಏನು ಮಾಡುತ್ತದೆ ಅಂತ ಗೊತ್ತಾಗುವ ಮೊದಲೇ ಪರದೆಯ ತುಂಬ ಬಟನ್ ಬಂದು ಕೂರುತ್ತವೆ. ಎಂಡ್‌ಗೇಮ್ ಬೋರು ಅಂತ ಬಿಟ್ಟು ಹೋಗುವವರಲ್ಲಿ ಹೀಗೆ ಹಾರಿ ಬಂದವರೇ ಜಾಸ್ತಿ ಅಂತ ನನಗನ್ನಿಸುತ್ತದೆ.

ಹೆಜ್ಜೆ 1: ಗಡಿಯಾರ ಹಿಡಿದುಕೊಳ್ಳಿ

ಈ ಗೇಮ್‌ನ ದೊಡ್ಡ ಬಾಸ್‌ಗಳು ಬಸ್ ಸ್ಟ್ಯಾಂಡಿನ ಬಸ್ಸುಗಳಿದ್ದಂತೆ. ಹೊತ್ತಿಗೆ ಸರಿಯಾಗಿ ಬರುತ್ತವೆ, ನೀವು ಇರಲಿ ಬಿಡಲಿ ಹೊರಟುಬಿಡುತ್ತವೆ. ವೇಳಾಪಟ್ಟಿ ಪರದೆಯಲ್ಲಿ ತಾನಾಗಿ ಎದ್ದು ಕಾಣುವುದಿಲ್ಲ, ಕೇಳಿ ತರಿಸಿಕೊಳ್ಳಬೇಕು. ಚಾಟ್ ಪೆಟ್ಟಿಗೆಯಲ್ಲಿ ಓರೆಗೆರೆ ಹಾಕಿ ವಿಕಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಇ, ಟಿ ಎಂಬ ಎರಡು ಅಕ್ಷರ ಹೊಡೆದು ಎಂಟರ್ ಒತ್ತಿ. ಬ್ರೌಸರ್‌ನಲ್ಲಿ ಈವೆಂಟ್ ಟೈಮರ್ ಪುಟ ತೆರೆಯುತ್ತದೆ. ಇದೇ ಆಜ್ಞೆಯ ಮುಂದೆ ಯಾವುದೇ ವಸ್ತುವಿನ ಅಥವಾ ಜಾಗದ ಹೆಸರು ಹಾಕಿದರೆ ಅದರ ಪುಟ ಬರುತ್ತದೆ. ಈ ಒಂದು ಆಜ್ಞೆ ಕಲಿತರೆ ಅರ್ಧ ಕೆಲಸ ಆದಂತೆಯೇ.

ಗೇಮ್ ನಡೆಯುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ಲೆಕ್ಕದಲ್ಲಿ. ನಮ್ಮ ಸಮಯ ಬೇಕಾದರೆ ಐದೂವರೆ ಗಂಟೆ ಸೇರಿಸಿ. ದಿನದ ಬಹುಮಾನಗಳ ಲೆಕ್ಕ ಹೊಸದಾಗುವುದು ನಮ್ಮ ಬೆಳಗ್ಗೆ 5:30ಕ್ಕೆ. ವಾರದ ಲೆಕ್ಕ ಹೊಸದಾಗುವುದು ಸೋಮವಾರ ಮಧ್ಯಾಹ್ನ 1 ಗಂಟೆಗೆ. ಭಾನುವಾರ ರಾತ್ರಿ ಕೂತು 'ಈ ವಾರದ್ದು ಮುಗೀತು' ಅಂತ ಕೈ ಬಿಡಬೇಡಿ, ಇನ್ನೂ ಸೋಮವಾರ ಬೆಳಗ್ಗೆ ಇದೆ.

80 ಆಗುವವರೆಗೆ ಕಾಯಬೇಕು ಅಂತಲೂ ಇಲ್ಲ. ಮನುಷ್ಯ ಜಾತಿಯ ಪಾತ್ರಗಳು ಆಟ ಶುರು ಮಾಡುವ ಕ್ವೀನ್ಸ್‌ಡೇಲ್‌ನ ಗಾಡ್ಸ್‌ಲಾಸ್ಟ್ ಕೆಸರುಕಾಡಿನಲ್ಲಿ ಶ್ಯಾಡೋ ಬೆಹಿಮತ್ ಎಂಬ ಬಾಸ್ ಎರಡು ಗಂಟೆಗೊಮ್ಮೆ ಏಳುತ್ತದೆ. ನಮ್ಮ ಲೆಕ್ಕದಲ್ಲಿ ರಾತ್ರಿ 7:15, 9:15, 11:15. ಆ ಮ್ಯಾಪ್ 15ನೇ ಲೆವೆಲ್‌ವರೆಗಿನವರದ್ದು. ಆದರೆ ಅಲ್ಲಿ 80ರವರೂ ಬಂದು ನಿಂತಿರುತ್ತಾರೆ. ಗೇಮ್ ಅವರ ಲೆವೆಲ್ ಇಳಿಸಿ ನಿಮ್ಮ ಮಟ್ಟಕ್ಕೆ ತರುತ್ತದೆ. ಅದಕ್ಕೇ ಹಳಬರು, ಹೊಸಬರು ಒಂದೇ ಕಡೆ ಸಿಗುತ್ತಾರೆ. ಏನಾದರೂ ಕೇಳುವುದಿದ್ದರೆ ಬಾಸ್ ಬರುವುದಕ್ಕೆ ಐದು ನಿಮಿಷ ಮೊದಲು ಹೋಗಿ ಕೇಳಿ. ಎಲ್ಲರೂ ಸುಮ್ನೆ ನಿಂತು ಕಾಯುತ್ತಿರುತ್ತಾರೆ, ಉತ್ತರ ಹೇಳುವುದಕ್ಕೆ ಪುರುಸೊತ್ತು ಇರುತ್ತದೆ.

ಹೆಜ್ಜೆ 2: ಟ್ಯಾಗ್ ಕಂಡರೆ ಹಿಂದೆ ಹೋಗಿ

ಮ್ಯಾಪ್‌ನಲ್ಲಿ ಬಣ್ಣದ ತ್ರಿಕೋನದ ಗುರುತು (ಇದೇ ಟ್ಯಾಗ್) ಕಂಡರೆ ಅದು ಕಮಾಂಡರ್, ಗುಂಪು ನಡೆಸುವವರು. ಸೇಬಿನ ಗುರುತು ಕಂಡರೆ ಮೆಂಟರ್, ಅಂದರೆ ಹೊಸಬರಿಗೆ ದಾರಿ ತೋರಿಸಲು ಒಪ್ಪಿಕೊಂಡವರು. ಹತ್ತಿರ ಹೋಗಿ, ಅವರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅವರ ಸ್ಕ್ವಾಡ್ (ದೊಡ್ಡ ಗುಂಪು) ಸೇರಿಕೊಳ್ಳಿ. ಅನುಮತಿ ಕೇಳಿ ಮುಜುಗರಪಡಬೇಕಾದ್ದಿಲ್ಲ. ಒಂದು ಸ್ಕ್ವಾಡ್‌ನಲ್ಲಿ 50 ಜನರಿಗೆ ಜಾಗ ಇದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗೇಮ್ ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಒಂದೇ ಮ್ಯಾಪ್‌ಗೆ ಒಂದೇ ಸಮಯದಲ್ಲಿ ಹಲವು ಪ್ರತಿಗಳಿರುತ್ತವೆ. ನೀವು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಹೋಗಿಯೂ ಒಬ್ಬರೇ ನಿಂತಿರಬಹುದು. ಜನರೆಲ್ಲ ಇನ್ನೊಂದು ಪ್ರತಿಯಲ್ಲಿ ಇರುತ್ತಾರೆ. ಆಗ ಸ್ಕ್ವಾಡ್ ಸೇರಿ, ಅದರಲ್ಲಿರುವ ಯಾರದ್ದಾದರೂ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ. ಅವರಿರುವ ಪ್ರತಿಗೆ ಹೋಗುವ ಆಯ್ಕೆ ಬರುತ್ತದೆ. 'ಈ ಗೇಮ್‌ನಲ್ಲಿ ಜನರೇ ಇಲ್ಲ' ಅಂತ ಗೊಣಗುವ ಎಷ್ಟೋ ಹೊಸಬರಿಗೆ ಗೊತ್ತಿಲ್ಲದ್ದು ಇದೊಂದೇ.

ಮೊದಲ ಸಲ ನಿಜವಾದ ಎಂಡ್‌ಗೇಮ್ ಬಾಸ್ ಹೇಗಿರುತ್ತದೆ ಅಂತ ನೋಡಬೇಕಾದರೆ ಟೆಕ್ವಾಟಲ್ ಹತ್ತಿರ ಹೋಗಿ. ಸ್ಪಾರ್ಕ್‌ಫ್ಲೈ ಫೆನ್ ಎಂಬ ಮ್ಯಾಪ್, ಬಾಸ್ 65ನೇ ಲೆವೆಲ್‌ನದು. ನಮ್ಮ ರಾತ್ರಿ 9:30ಕ್ಕೆ ಒಂದು ಸರದಿ ಇದೆ, ಯುರೋಪಿನ ಸಂಜೆಗೆ ಸರಿಯಾಗಿ. ಒಂದು ಹತ್ತು ನಿಮಿಷ ಮೊದಲು ಹೋಗಿ ಕಮಾಂಡರ್ ಪಕ್ಕ ನಿಂತುಕೊಳ್ಳಿ.

ಸತ್ತ ಮೇಲೂ ಓಡಾಡುವ ಡ್ರಾಗನ್ ಒಂದು ಕಡಲಿನಿಂದ ಎದ್ದು ದಡಕ್ಕೆ ಬರುತ್ತದೆ. 15 ನಿಮಿಷದೊಳಗೆ ಅದನ್ನು ಕೊಲ್ಲಬೇಕು. ಹೆಚ್ಚಿನವರು ಅದರ ಕಾಲಿನ ಬಳಿ ಗುಂಪಾಗಿ ನಿಲ್ಲುತ್ತಾರೆ, ನೀವೂ ಅಲ್ಲೇ ನಿಲ್ಲಿ. ಆಗಾಗ ನೆಲದ ಮೇಲೆ ಅಲೆಯೊಂದು ಹರಿದು ಬರುತ್ತದೆ. ಅದು ಕಾಲಿಗೆ ತಾಗುವ ಮೊದಲು ಜಿಗಿಯಬೇಕು, ಇಲ್ಲವೇ ಡಾಡ್ಜ್ ಮಾಡಬೇಕು, ಅಂದರೆ ಉರುಳಿ ತಪ್ಪಿಸಿಕೊಳ್ಳಬೇಕು. ಒಂದಿಷ್ಟು ಜನ ಹಿಂದೆ ಟರೆಟ್ (ನೆಟ್ಟ ಫಿರಂಗಿ) ಹತ್ತಿರ ಇರುತ್ತಾರೆ, ಆ ಕೆಲಸ ಗೊತ್ತಿಲ್ಲದೆ ಮುಟ್ಟಬೇಡಿ. ಬಾಸ್‌ನ ಜೀವ 75, 50, 25 ಶೇಕಡಾಕ್ಕೆ ಇಳಿದಾಗ ಹೋರಾಟದ ರೀತಿ ಬದಲಾಗುತ್ತದೆ. ಆಗ ಡ್ರಾಗನ್‌ಗೆ ಏನು ಹೊಡೆದರೂ ನಾಟುವುದಿಲ್ಲ. ಎಲ್ಲರೂ ಓಡಿ ಹೋಗಿ ಮೆಗಾಲೇಸರ್ ಎಂಬ ದೊಡ್ಡ ತೋಪು ಮತ್ತು ಅದರ ಬ್ಯಾಟರಿಗಳನ್ನು ಕಾಯಬೇಕು. ಕಾದು ಉಳಿಸಿಕೊಂಡರೆ ಲೇಸರ್ ಹಾರುತ್ತದೆ, ಡ್ರಾಗನ್ ಕೆಳಗೆ ಬೀಳುತ್ತದೆ, ಆಗ ಎಲ್ಲರೂ ಕೈಯಲ್ಲಿರುವುದನ್ನೆಲ್ಲ ಸುರಿಯುತ್ತಾರೆ. ಸ್ಕ್ವಾಡ್ ಎತ್ತ ಓಡುತ್ತದೋ ಅತ್ತ ಓಡಿ, ಸಾಕು.

2013ರ ಸೆಪ್ಟೆಂಬರ್‌ನಲ್ಲಿ ಈ ಬಾಸ್‌ನ ಹೊಸ ರೂಪ ಬಂದಾಗ ಸರ್ವರ್‌ಗಳು ಸೋತು ಸುಣ್ಣವಾಗಿದ್ದವು. ಈಗ ಒಗ್ಗಟ್ಟಾದ ಗುಂಪು ಆರಾಮಾಗಿ ಗೆಲ್ಲುತ್ತದೆ. ಆದರೂ ಮುಂದೆ ಬರುವ ಎಲ್ಲದರ ಪಾಠ ಇದರಲ್ಲೇ ಇದೆ: ಎಲ್ಲಿ ನಿಲ್ಲಬೇಕು, ಯಾವಾಗ ತಪ್ಪಿಸಿಕೊಳ್ಳಬೇಕು, ಯಾವಾಗ ಬಾಸ್ ಬಿಟ್ಟು ಬೇರೆ ಕೆಲಸಕ್ಕೆ ಓಡಬೇಕು. ಬಾಸ್‌ನ ಜೀವದ ಪಟ್ಟಿಯ ಕೆಳಗೆ ನೀಲಿ ಪಟ್ಟಿ ಕಂಡರೆ ಅದರ ಹೆಸರು ಡಿಫಾಯನ್ಸ್ ಬಾರ್. ಚಾಟ್‌ನಲ್ಲಿ 'ಸಿಸಿ' ಅಂತ ಬಂದರೆ ಅದನ್ನು ಒಡೆಯಿರಿ ಅಂತ ಅರ್ಥ. ಹೊಡೆತ ಜೋರಾಗಿದ್ದ ಮಾತ್ರಕ್ಕೆ ಇದು ಒಡೆಯುವುದಿಲ್ಲ. ತಳ್ಳುವ, ಬೀಳಿಸುವ, ಸ್ತಬ್ಧಗೊಳಿಸುವಂಥ ಸ್ಕಿಲ್ ಹಾಕಿದರೆ ಒಡೆಯುತ್ತದೆ. ನಿಮ್ಮ ಪಾತ್ರದ ಯಾವ ಸ್ಕಿಲ್ ಈ ಕೆಲಸ ಮಾಡುತ್ತದೆ ಅಂತ ಇವತ್ತೇ ಓದಿಟ್ಟುಕೊಳ್ಳಿ. ಇದು ಗೊತ್ತಿರುವ ಹೊಸಬನಿಗೆ ಎಲ್ಲ ಗುಂಪಿನಲ್ಲೂ ಮರ್ಯಾದೆ.

ಎಕ್ಸ್‌ಪಾನ್ಷನ್ ಇದ್ದರೆ ಎರಡನೆಯ ನಿಲ್ದಾಣ ಆರಿಕ್ ಬೇಸಿನ್‌ನ ಆಕ್ಟೋವೈನ್. ತಾರಿರ್ ನಗರದ ನಾಲ್ಕು ದಿಕ್ಕಿನಲ್ಲಿ ನಾಲ್ಕು ಬಳ್ಳಿ ಬಾಸ್‌ಗಳು, ನಾಲ್ಕನ್ನೂ ಎರಡು ನಿಮಿಷದ ಅಂತರದೊಳಗೆ ಮುಗಿಸಬೇಕು. ಒಂದು ಗುಂಪು ಆತುರಪಟ್ಟರೆ ನಾಲ್ಕೂ ಗುಂಪಿನ ಕೆಲಸ ಕೆಡುತ್ತದೆ. ಚಾಟ್‌ನಲ್ಲಿ ಶೇಕಡಾ ಲೆಕ್ಕ ಹೇಳುತ್ತಾ 'ತಡೀರಿ, ತಡೀರಿ' ಅಂತ ಕೂಗಾಡುವುದು ನೋಡುವುದೇ ಒಂದು ಮಜಾ. ಮುಗಿದ ಮೇಲೆ ನಗರದ ಕೆಳಗೆ ಸಾಲು ಸಾಲು ಪೆಟ್ಟಿಗೆಗಳು.

ಹೆಜ್ಜೆ 3: ಗೇರ್, ಆದಷ್ಟು ಅಗ್ಗದಲ್ಲಿ

ಗೇರ್ ಅಂದರೆ ಪಾತ್ರ ತೊಡುವ ಬಟ್ಟೆ, ಆಯುಧ, ಆಭರಣ. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಿತ್ತಳೆ ಬಣ್ಣದ ಹೆಸರಿನ ಎಕ್ಸಾಟಿಕ್ ಗೇರ್ ಆಟಗಾರರ ಮಾರುಕಟ್ಟೆಯಾದ ಟ್ರೇಡಿಂಗ್ ಪೋಸ್ಟ್‌ನಲ್ಲಿ ಕೆಲವೇ ಗೋಲ್ಡ್‌ಗೆ ಸಿಗುತ್ತದೆ. ಅದರ ಮೇಲಿನ ಗುಲಾಬಿ ಬಣ್ಣದ ಅಸೆಂಡೆಡ್‌ಗೂ ಇದಕ್ಕೂ ಬಲದಲ್ಲಿ ಸುಮಾರು ಶೇಕಡಾ 5ರಷ್ಟು ವ್ಯತ್ಯಾಸ. ಹೊಡೆಯುವ ಪಾತ್ರವಾದರೆ ಬರ್ಸರ್ಕರ್ಸ್ ಅಂತ ಶುರುವಾಗುವ ಹೆಸರಿನ ಸೆಟ್ ಕೊಂಡು ಹಾಕಿಕೊಳ್ಳಿ. ಅಸೆಂಡೆಡ್ ಬೇಕೇ ಬೇಕು ಅನ್ನುವುದು ಫ್ರ್ಯಾಕ್ಟಲ್ ಎಂಬ ಐದು ಜನರ ಆಟದ (ಹೆಜ್ಜೆ 5) ಮೇಲಿನ ಹಂತಗಳಲ್ಲಿ ಮಾತ್ರ.

ಗೇರ್‌ಗಿಂತ ದೊಡ್ಡ ವ್ಯತ್ಯಾಸ ಮಾಡುವುದು ಎಲೈಟ್ ಸ್ಪೆಷಲೈಸೇಷನ್, ಅಂದರೆ ನಿಮ್ಮ ಪಾತ್ರಕ್ಕೆ ಹೊಸ ಸ್ಕಿಲ್ ಕೊಡುವ ವಿಶೇಷ ಪರಿಣತಿ. ಒಂದನ್ನು ಪೂರ್ತಿ ತೆರೆಯಲು 250 ಹೀರೋ ಪಾಯಿಂಟ್ ಬೇಕು. ಹಾರ್ಟ್ ಆಫ್ ಥಾರ್ನ್ಸ್ ಮ್ಯಾಪ್‌ಗಳಲ್ಲಿ ಹೀರೋ ಚಾಲೆಂಜ್ ಎಂಬ ಒಂದೊಂದು ಸವಾಲಿಗೂ 10 ಪಾಯಿಂಟ್, ಅಂದರೆ 25 ಮಾಡಿದರೆ ಮುಗಿಯಿತು. ಕೆಲವು ಒಬ್ಬರಿಂದ ಆಗುವುದಿಲ್ಲ. ಅದಕ್ಕೇ ಜನ ಸೇರಿ 'ಎಚ್‌ಪಿ ಟ್ರೈನ್' ಓಡಿಸುತ್ತಾರೆ. ಟ್ಯಾಗ್ ಹಿಂದೆ ಸುತ್ತಿದರೆ ಒಂದೇ ಸಂಜೆಯಲ್ಲಿ ಕೆಲಸ ಆಗುತ್ತದೆ.

ಹೆಜ್ಜೆ 4: ಎಲ್‌ಎಫ್‌ಜಿ ಓದುವುದನ್ನು ಕಲಿಯಿರಿ

ಕೀಬೋರ್ಡ್‌ನಲ್ಲಿ ವೈ ಒತ್ತಿ. ಗುಂಪು ಹುಡುಕುವ ಪಟ್ಟಿ, ಅಂದರೆ ಎಲ್‌ಎಫ್‌ಜಿ ತೆರೆಯುತ್ತದೆ. ಇಡೀ ಎಂಡ್‌ಗೇಮ್‌ನ ಹೆಸರುಗಳು ವಿಭಾಗವಾಗಿ ಇಲ್ಲಿ ಕೂತಿವೆ. ಏನೂ ಸೇರದೆ ಸುಮ್ನೆ ಒಂದೊಂದೇ ವಿಭಾಗ ತೆರೆದು ನೋಡಿ. ಎಲ್ಲಿ ಜನ ಇದ್ದಾರೆ, ಏನು ಕೇಳುತ್ತಿದ್ದಾರೆ ಅಂತ ತಿಳಿಯುತ್ತದೆ.

ಭಾಷೆ ಮೊದಲಿಗೆ ಗೂಢಲಿಪಿಯ ಹಾಗೆ ಕಾಣುತ್ತದೆ. 'ಟಿ4 + ರೆಕ್ಸ್' ಅಂದರೆ ಫ್ರ್ಯಾಕ್ಟಲ್‌ನ ನಾಲ್ಕನೇ ಹಂತ ಮತ್ತು ಆ ದಿನ ಗೇಮ್ ಶಿಫಾರಸು ಮಾಡಿದ ಫ್ರ್ಯಾಕ್ಟಲ್‌ಗಳು. 'ಸಿಎಂ' ಅಂದರೆ ಚಾಲೆಂಜ್ ಮೋಡ್, ಸದ್ಯಕ್ಕೆ ದೂರ ಇರಿ. 'ಕೆಪಿ' ಅಥವಾ 'ಎಲ್‌ಐ' ಪಕ್ಕದಲ್ಲಿ ಅಂಕಿ ಇದ್ದರೆ ಆ ಬಾಸ್‌ಗಳನ್ನು ಮೊದಲೇ ಅಷ್ಟು ಸಲ ಕೊಂದ ಪುರಾವೆ ತೋರಿಸಿ ಅಂತ. ಅದು ನಿಮಗಲ್ಲ. ಕದ್ದು ಸೇರಿದರೆ ಎರಡೇ ನಿಮಿಷದಲ್ಲಿ ಹೊರಗೆ. 'ಕ್ವಿಕ್' ಎಂದರೆ ಎಲ್ಲರ ಹೊಡೆತ ಬೇಗ ಬೇಗ ಬೀಳುವಂತೆ ಮಾಡುವವರು, 'ಅಲಾಕ್' ಎಂದರೆ ಸ್ಕಿಲ್ ಬೇಗ ಮರಳಿ ಸಿಗುವಂತೆ ಮಾಡುವವರು. ಐದು ಜನರ ಪ್ರತಿ ಗುಂಪಿಗೂ ಇವೆರಡೂ ಬೇಕು, ಇವುಗಳಲ್ಲಿ ಒಂದನ್ನು ಹೀಲರ್ (ಉಳಿದವರ ಜೀವ ತುಂಬುವವರು) ಕೊಡುವುದು ರೂಢಿ. 'ಡಿಪಿಎಸ್' ಅಂತ ಖಾಲಿ ಇದ್ದರೆ ಅದು ಬರೀ ಹೊಡೆಯುವವರ ಜಾಗ. ಹೊಸಬರು ಅಲ್ಲಿಂದಲೇ ಶುರು ಮಾಡುವುದು.

ನೀವು ಹುಡುಕಬೇಕಾದ ಪದಗಳು 'ಟ್ರೈನಿಂಗ್' ಮತ್ತು 'ಆಲ್ ವೆಲ್‌ಕಮ್'. ಸಿಗದಿದ್ದರೆ ನೀವೇ ಒಂದು ಸಾಲು ಹಾಕಿ: ಹೊಸಬ, ಕಲಿಯಲು ಬಂದಿದ್ದೇನೆ, ಯಾರು ಬೇಕಾದರೂ ಬನ್ನಿ. ಇನ್ನೂ ನಾಲ್ಕು ಜನ ಹೊಸಬರು ಇದೇ ಸಾಲಿಗೆ ಕಾಯುತ್ತಿರುತ್ತಾರೆ. ಇಂಗ್ಲಿಷ್ ಹರುಕು ಮುರುಕಾದರೂ ಚಿಂತೆಯಿಲ್ಲ, ಯುರೋಪ್ ಸರ್ವರ್‌ನಲ್ಲಿ ಅರ್ಧ ಜನರದ್ದು ಅದೇ ಕಥೆ.

ಹೆಜ್ಜೆ 5: ಐದು ಜನರ ಆಟ

ಲಯನ್ಸ್ ಆರ್ಚ್ ನಗರದ ಫೋರ್ಟ್ ಮ್ಯಾರಿನರ್‌ನಲ್ಲಿ ಮಿಸ್ಟ್‌ಲಾಕ್ ಅಬ್ಸರ್ವೇಟರಿಗೆ ಹೋಗುವ ದ್ವಾರ ಇದೆ. ಫ್ರ್ಯಾಕ್ಟಲ್‌ಗಳು ಶುರುವಾಗುವುದು ಅಲ್ಲಿಂದ. 2012ರ ನವೆಂಬರ್‌ನಿಂದಲೂ ಇವೆ. ಒಟ್ಟು 100 ಮೆಟ್ಟಿಲು, 25ಕ್ಕೊಂದು ಹಂತ. ಒಂದೊಂದು ಓಟವೂ ಚಿಕ್ಕದು, ಅರ್ಧ ಗಂಟೆ ಬಿಡುವಿದ್ದವರೂ ಆಡಬಹುದು. ಗುಂಪಿನ ಆಟ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಈ ಗೇಮ್‌ನಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ರೇಡ್‌ನಲ್ಲಿ ಹತ್ತು ಜನರ ನಡುವೆ ಅವಿತುಕೊಳ್ಳಬಹುದು, ಇಲ್ಲಿ ಐದೇ ಜನ.

20ರ ನಂತರ ಅಗನಿ ಎಂಬ ಕಾಟ ಶುರುವಾಗುತ್ತದೆ. ಸುಮ್ಮನೆ ನಿಂತಲ್ಲೇ ಜೀವ ಸೋರಿಹೋಗುತ್ತದೆ. ಅದನ್ನು ತಡೆಯುವ ಕಲ್ಲುಗಳನ್ನು ಕೂರಿಸಲು ಅಸೆಂಡೆಡ್ ಮತ್ತು ಲೆಜೆಂಡರಿ ಗೇರ್‌ನಲ್ಲಿ ಮಾತ್ರ ಜಾಗ ಇರುತ್ತದೆ. 100ನೇ ಮೆಟ್ಟಿಲಿಗೆ 150 ಅಗನಿ ರೆಸಿಸ್ಟೆನ್ಸ್ ಬೇಕು. ಮೊದಲು ಉಂಗುರ, ಓಲೆಯಂಥ ಆಭರಣಗಳಿಂದ ಶುರು ಮಾಡಿ, ಅವು ಸುಲಭಕ್ಕೆ ಸಿಗುತ್ತವೆ. ಬಟ್ಟೆ, ಆಯುಧ ನಿಧಾನಕ್ಕೆ ಬರಲಿ.

ಹೆಜ್ಜೆ 6: ಹತ್ತು ಜನರ ಆಟ

ಸ್ಟ್ರೈಕ್ ಅಂದರೆ ಹೆಚ್ಚಾಗಿ ಒಬ್ಬನೇ ಬಾಸ್, ನೇರ ಹೋರಾಟ. 2019ರಲ್ಲಿ ಬಂದ ಶಿವರ್‌ಪೀಕ್ಸ್ ಪಾಸ್ ಇವುಗಳಲ್ಲಿ ಎಲ್ಲಕ್ಕಿಂತ ಸುಲಭ. ಅದು ಸೇರಿರುವ ಕಥೆಯ ಎಪಿಸೋಡ್ ನಿಮ್ಮ ಖಾತೆಯಲ್ಲಿದ್ದರೆ ಅಲ್ಲಿಂದ ಶುರು ಮಾಡಿ.

ರೇಡ್ ಬಂದದ್ದು 2015ರ ನವೆಂಬರ್‌ನಲ್ಲಿ. ಮೊದಲ ಬಾಸ್ ವೇಲ್ ಗಾರ್ಡಿಯನ್ ಈಗಲೂ ಹೊಸಬರ ಮೊದಲ ಪರೀಕ್ಷೆ. ನೆಲದ ಮೇಲೆ ಹಸಿರು ವೃತ್ತ ಬಿದ್ದರೆ ನಾಲ್ಕು ಜನ ಹೋಗಿ ಅದರೊಳಗೆ ನಿಲ್ಲಬೇಕು, ಇಲ್ಲದಿದ್ದರೆ ಇಡೀ ತಂಡಕ್ಕೆ ಪೆಟ್ಟು. ನೀಲಿ ವೃತ್ತದಲ್ಲಿ ಮಾತ್ರ ನಿಲ್ಲಬಾರದು, ಅದು ನಿಮ್ಮನ್ನು ಎತ್ತಿ ಇನ್ನೆಲ್ಲಿಗೋ ಎಸೆಯುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಪರದೆಯ ತುಂಬ ಬಣ್ಣ ಹಾರಾಡುವಾಗ ಹಸಿರು ಯಾವುದು, ನೀಲಿ ಯಾವುದು ಅಂತ ಗುರುತಿಸುವುದೇ ಕಷ್ಟ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಎಫೆಕ್ಟ್‌ಗಳನ್ನು ತಗ್ಗಿಸಿ ಹೋಗಿ.

ಹೋಗುವ ಮುಂಚೆ ಒಂದು ವಿಡಿಯೋ ನೋಡಿ, ಒಂದು ಬಾಸ್‌ಗೆ ಒಂದು ಸಾಕು. ಲಯನ್ಸ್ ಆರ್ಚ್ ಏರೋಡ್ರೋಮ್‌ನಿಂದ ತರಬೇತಿ ಕೋಣೆಗೆ ಹೋಗಬಹುದು. ಅಲ್ಲಿ ಗೋಲೆಮ್ ಎಂಬ ಅಲ್ಲಾಡದ ಬೊಂಬೆಯ ಮೇಲೆ ನಿಮ್ಮ ಸ್ಕಿಲ್‌ಗಳ ಸರದಿ ಕೈಗೆ ಕೂರುವವರೆಗೆ ಹೊಡೆದು ನೋಡಿ. ಆಮೇಲೆ ತರಬೇತಿ ಕೊಡುವ ಗಿಲ್ಡ್ (ಆಟಗಾರರ ಸಂಘ) ಒಂದನ್ನು ಸೇರಿಕೊಳ್ಳಿ. ಒಂದೇ ಖಾತೆಯಿಂದ ಹಲವು ಗಿಲ್ಡ್ ಸೇರಬಹುದು, ಹಾಗಾಗಿ ಸ್ನೇಹಿತರ ಗಿಲ್ಡ್ ಬಿಡಬೇಕಾಗಿಲ್ಲ. ಇವರ ತರಬೇತಿ ಡಿಸ್ಕಾರ್ಡ್ ಎಂಬ ಮಾತುಕತೆಯ ಆ್ಯಪ್‌ನಲ್ಲಿ ಸಮಯ ಗೊತ್ತುಮಾಡಿ ನಡೆಯುತ್ತದೆ. ಮೈಕ್ ಇಲ್ಲದಿದ್ದರೂ ನಡೆಯುತ್ತದೆ, ಕಿವಿಗೆ ಹಾಕಿಕೊಂಡು ಕೇಳಿಸಿಕೊಂಡರೆ ಆಯಿತು. ಯುರೋಪಿನ ರಾತ್ರಿ 8 ಗಂಟೆಯ ತರಬೇತಿ ನಮ್ಮಲ್ಲಿ ರಾತ್ರಿ ಹನ್ನೊಂದೂವರೆಗೋ ಹನ್ನೆರಡೂವರೆಗೋ ಬೀಳುತ್ತದೆ, ಅಲ್ಲಿ ಚಳಿಗಾಲದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ. ಬೆಳಗ್ಗೆ ಆಫೀಸ್ ಇರುವವರು ಶನಿವಾರ ಆರಿಸಿಕೊಳ್ಳಿ.

ದೂರದ ಗುರಿ ಒಂದಿರಲಿ

2023ರ ಆಗಸ್ಟ್‌ನಲ್ಲಿ ಬಂದ ವಿಝರ್ಡ್ಸ್ ವಾಲ್ಟ್ ಹೊಸಬರ ಪಾಲಿಗೆ ಒಳ್ಳೆಯ ಸೂಚಿ. ದಿನಕ್ಕಿಷ್ಟು, ವಾರಕ್ಕಿಷ್ಟು ಕೆಲಸ ಕೊಡುತ್ತದೆ, ಮಾಡಿದರೆ ಆಸ್ಟ್ರಲ್ ಅಕ್ಲೇಮ್ ಎಂಬ ನಾಣ್ಯ. ವಾರದ ಪಟ್ಟಿಯಲ್ಲಿ ನೀವು ಕೇಳದ ಹೆಸರಿದ್ದರೆ ಅದನ್ನೇ ಮೊದಲು ಮಾಡಿ, ಹೊಸ ಮ್ಯಾಪ್ ಒಂದು ತಾನಾಗಿ ಪರಿಚಯ ಆಗುತ್ತದೆ.

ಇನ್ನೊಂದು ಲೆಜೆಂಡರಿ ಗೇರ್. ಬಲದಲ್ಲಿ ಅಸೆಂಡೆಡ್‌ನಷ್ಟೇ. ಆದರೆ ಬೇಕಾದಾಗ ಬೇಕಾದ ಗುಣಕ್ಕೆ ಬದಲಿಸಿಕೊಳ್ಳಬಹುದು. 2021ರ ಜುಲೈನಲ್ಲಿ ಲೆಜೆಂಡರಿ ಆರ್ಮರಿ ಬಂದ ಮೇಲೆ ಒಂದು ಸಲ ಮಾಡಿದ್ದನ್ನು ನಿಮ್ಮ ಎಲ್ಲ ಪಾತ್ರಗಳೂ ಹಾಕಿಕೊಳ್ಳಬಹುದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಿದರೆ ಬೇಜಾರಾಗುತ್ತದೆ. ಆದರೆ ಒಂದು ಲೆಜೆಂಡರಿಯ ಸಾಮಗ್ರಿ ಪಟ್ಟಿಯನ್ನು ವಿಕಿಯಲ್ಲಿ ತೆರೆದು ಓದಿ ನೋಡಿ. ಗೇಮ್‌ನ ಮೂಲೆ ಮೂಲೆಗೂ ಹೋಗಬೇಕಾದ ದಾರಿ ಅದರಲ್ಲೇ ಬರೆದಿರುತ್ತದೆ.

ಬಾಸ್‌ಗಳೇ ಬೇಡ ಅನ್ನುವವರಿಗೆ

ಆಟಗಾರರು ಆಟಗಾರರ ವಿರುದ್ಧವೇ ಹೋರಾಡುವ ಪಿವಿಪಿಯಲ್ಲಿ ನಿಮ್ಮ ಗೇರ್, ಲೆವೆಲ್ ಯಾವುದೂ ಲೆಕ್ಕಕ್ಕಿಲ್ಲ. ಒಳಗೆ ಹೋದ ಕೂಡಲೇ ಎಲ್ಲರೂ ಸಮ, ಗೆದ್ದರೆ ಕೈಚಳಕದಿಂದಲೇ ಗೆಲ್ಲಬೇಕು. ವರ್ಲ್ಡ್ ವರ್ಸಸ್ ವರ್ಲ್ಡ್ ಅಂದರೆ ಮೂರು ಪಂಗಡಗಳ ಕೋಟೆ ಕಾಳಗ, ಹತ್ತಾರು ಜನರ ದಂಡು ಒಟ್ಟಿಗೆ ನುಗ್ಗುತ್ತದೆ. ಅಲ್ಲಿಯೂ ಮಾಡಬೇಕಾದದ್ದು ಟೆಕ್ವಾಟಲ್ ಹತ್ತಿರ ಮಾಡಿದ್ದೇ: ಟ್ಯಾಗ್ ಹುಡುಕಿ, ಸ್ಕ್ವಾಡ್ ಸೇರಿ, ದಂಡು ಬಿಟ್ಟು ಒಂಟಿಯಾಗಿ ಅಲೆಯಬೇಡಿ. ಸತ್ತರೆ ಹತ್ತಿರದ ವೇಪಾಯಿಂಟ್‌ನಿಂದ ಎದ್ದು ಮತ್ತೆ ಓಡಿ ಸೇರಿಕೊಳ್ಳಿ. ದಾರಿಯಲ್ಲಿ ಶತ್ರುವಿನ ಒಂಟಿ ಆಟಗಾರ ಕಂಡರೆ ಕೆಣಕಲು ಹೋಗಬೇಡಿ. ಹಾಗೆ ಒಬ್ಬರೇ ತಿರುಗುವವರು ಸಾಮಾನ್ಯವಾಗಿ ವರ್ಷಗಟ್ಟಲೆ ಅದನ್ನೇ ಆಡಿದವರು.